ನೆರಳಿಗೆ ನೆಟ್ಟ ಕಿಲೋಮೀಟರ್ ಕಲ್ಲು

ಮೊನ್ನೆ ಅಂಗಡಿಯ ಅಟ್ಟ ಚೊಕ್ಕ ಮಾಡುವಾಗ ಹಸಿರು ಬಣ್ಣದ ಹಳೇ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಮೇಲೆ ಕೆನೆ ಗಟ್ಟಿಯಾಗಿತ್ತು, ಅಡಿಯಲ್ಲಿ ಬಣ್ಣ ಇನ್ನೂ ಹಸಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಸ್ತ್ರಿ ಎದುರಿಗೆ ಬಂದು ನಿಂತ ಹಾಗಾಯಿತು… ತಲೆಗೆ ಟವಲ್ಲು, ಕಾಲಿಗೆ ಟೈರಿನ ಚಪ್ಪಲಿ, ಪಕ್ಕದಲ್ಲಿ ಸ್ಟ್ಯಾಂಡ್ ಇಲ್ಲದ ಸೈಕಲ್ಲು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿಕಾರಿಪುರದಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ನನ್ನಷ್ಟು ದುಂಡಗೆ ಬರೆಯುವವರು ಈ ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಪಿಯುಸಿ ಓದಿದವರು ನನ್ನ ಹತ್ತಿರ ಒತ್ತಕ್ಷರ ಕೇಳಿಕೊಂಡು ಹೋಗಿದ್ದಾರೆ. ಮೇಸ್ತ್ರಿಗೆ ಅಕ್ಷರವೇ ಬರುತ್ತಿರಲಿಲ್ಲ. ಸೊರಬದ ಕಡೆಯವರು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯಲ್ಲಿ, ಸೊರಬದ ಕಡೆಯ ಹತ್ತು ಕಿಲೋಮೀಟರ್ ಅವರ ಸುಪರ್ದಿಗೆ. ಗುಂಡಿ ಮುಚ್ಚಿಸುವುದು, ಮೋರಿಯ ಕಸ ತೆಗೆಸುವುದು, ಬಿದ್ದ ಕೊಂಬೆ ಕಡಿಸುವುದು, ಇದೇ ಕೆಲಸ. ಎಷ್ಟೋ ವರ್ಷದಿಂದ ದಿನಗೂಲಿ ಲೆಕ್ಕದಲ್ಲೇ ಇದ್ದರು. ಖಾಯಂ ಆಗಿರಲಿಲ್ಲ.

ಆ ರಸ್ತೆಯ ಚರಿತ್ರೆ ಕೇಳಬೇಕಾದರೆ ಅವರ ಬಾಯಲ್ಲೇ ಕೇಳಬೇಕಿತ್ತು. ಮೊದಲು ಅದು ಗಾಡಿ ದಾರಿ. ಬೆಲ್ಲದ ಗಾಡಿಗಳು ಶಿರಾಳಕೊಪ್ಪದ ಸಂತೆಗೆ ಹೋಗುತ್ತಿದ್ದ ಜಾಡು. ಆಮೇಲೆ ಗ್ರಾವೆಲ್ಲು ಬಿತ್ತು, ಆಮೇಲೆ ಜಲ್ಲಿ, ಆಮೇಲೆ ಡಾಂಬರು. ಇಷ್ಟೊಂದು ತಿರುವು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಈ ರಸ್ತೆ ಮಾಡಿದ್ದು ಇಂಜಿನಿಯರ್ ಅಲ್ಲ ಮಾರಾಯ, ಎತ್ತು. ಎತ್ತಿಗೆ ನೀರಡಿಕೆ ಆದಲ್ಲೆಲ್ಲ ಕೆರೆ ಕಡೆ ತಿರುಗೈತೆ. ಇಂಜಿನಿಯರ್ ಬಂದು ಅದರ ಮೇಲೆ ಡಾಂಬ್ರು ಸುರುದ್ರು, ಅಷ್ಟೇ."

ಕಡೆಗೊಂದು ವರ್ಷ ಅದು ರಾಜ್ಯ ಹೆದ್ದಾರಿ ಆಯಿತು. ಹೆದ್ದಾರಿ ಎಂದ ಮೇಲೆ ಹಸಿರು ತಲೆಯ ಕಿಲೋಮೀಟರ್ ಕಲ್ಲು ಬೇಕು. ಮೇಸ್ತ್ರಿಯ ಪಾಲಿನ ಹತ್ತು ಕಲ್ಲಿಗೆ ಬರೆಯುವ ಕೆಲಸ ನನಗೆ ಬಂತು. ಕಲ್ಲುಗಳನ್ನು ಅಂಗಡಿಯ ಹಿಂದಿನ ಬಯಲಲ್ಲೇ ಸಾಲಾಗಿ ಇಟ್ಟುಕೊಂಡು ಬರೆದೆ. ಮುಖಕ್ಕೆ ರಸ್ತೆಯ ನಂಬರು, ಎಡ ಮಗ್ಗುಲಿಗೆ ಸೊರಬ ಇಷ್ಟು, ಬಲ ಮಗ್ಗುಲಿಗೆ ಶಿಕಾರಿಪುರ ಇಷ್ಟು. ಸೊರಬಕ್ಕೆ ಹೋಗುವವರ ಎಡಗಡೆಗೆ ಕಲ್ಲು ನೆಟ್ಟರೆ ಅವರ ಕಣ್ಣಿಗೆ ಸೊರಬ, ಎದುರಿಂದ ಬರುವವರ ಕಣ್ಣಿಗೆ ಶಿಕಾರಿಪುರ ಕಾಣಬೇಕು. ಟ್ರ್ಯಾಕ್ಟರ್ ಬಂದು ಹತ್ತನ್ನೂ ಹೇರಿಕೊಂಡು ಹೋಯಿತು. ಮೇಸ್ತ್ರಿ ತಮ್ಮ ಕೂಲಿಯವರ ಗ್ಯಾಂಗ್ ಕಟ್ಟಿಕೊಂಡು ನೆಟ್ಟರು, ಸುತ್ತ ಕಾಂಕ್ರೀಟೂ ಹಾಕಿಸಿದರು. ನಾನು ಹೋಗಿ ನೋಡಲಿಲ್ಲ. ಬರೆದದ್ದು ನಾನಲ್ಲವೇ, ನೋಡುವುದೇನಿದೆ ಎಂಬ ಜಂಬ.

ವಾರವಾಗಿತ್ತೋ ಏನೋ. ಒಂದು ಶನಿವಾರ ಮಧ್ಯಾಹ್ನ ಮೇಸ್ತ್ರಿ ಬೆವರು ಸುರಿಸುತ್ತ ಅಂಗಡಿಗೆ ಬಂದರು. ನಡೆದದ್ದು ಇಷ್ಟು. ಗುಡವಿಗೆ ಹಕ್ಕಿ ನೋಡಲು ಹೊರಟ ಗಂಡ ಹೆಂಡತಿ ಸ್ಕೂಟರಿನಲ್ಲಿ ಸೊರಬದ ಕಡೆಗೆ ಹೋಗುತ್ತಿದ್ದರಂತೆ. ಎದುರಿಗೆ ಕಂಡ ಕಲ್ಲಿನಲ್ಲಿ ಶಿಕಾರಿಪುರ ೨೯ ಎಂದಿದೆ. ದಾರಿ ತಪ್ಪಿತು ಎಂದು ಗಾಡಿ ತಿರುಗಿಸಿದ್ದಾರೆ. ಹಿಂದಿನ ಕಲ್ಲಿನಲ್ಲೂ ಶಿಕಾರಿಪುರ. ಮತ್ತೆ ತಿರುಗಿಸಿದ್ದಾರೆ. ಮತ್ತೆ ಶಿಕಾರಿಪುರ. ಮೇಸ್ತ್ರಿ ಟೀ ಕುಡಿಯುತ್ತಿದ್ದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಆ ಹೆಂಗಸು ಕೇಳಿದ್ದಾರೆ: "ಏನ್ರೀ, ನಿಮ್ಮ ಈ ರೋಡಿನಾಗೆ ಎತ್ಲಾಗೆ ಹೋದ್ರೂ ಶಿಕಾರಿಪುರನೇ ಬರ್ತೈತಲ್ರೀ? ಸೊರಬ ಯಾರರ ಎತ್ತಿಕ್ಯಂಡು ಹೋಗ್ಯಾರೇನು?"

ಹೋಟೆಲಿನವರೆಲ್ಲ ನಕ್ಕರಂತೆ. ಮೇಸ್ತ್ರಿ ಮಾತ್ರ ನಗಲಿಲ್ಲ. ಸೋಮವಾರ ಬೆಳಿಗ್ಗೆ ಇಲಾಖೆಯ ದೊಡ್ಡ ಸಾಹೇಬರು ರಸ್ತೆ ನೋಡಲು ಬರುವವರಿದ್ದರು. ಖಾಯಂ ಮಾಡುವ ಪಟ್ಟಿಗೆ ಮೇಸ್ತ್ರಿಯ ಹೆಸರು ಸೇರುವುದೋ ಬಿಡುವುದೋ, ಎಲ್ಲ ಆ ಸಾಹೇಬರು ಬರೆಯುವ ವರದಿಯ ಮೇಲೆ.

"ನನ್ನ ಬರಹದಲ್ಲಿ ತಪ್ಪಿಲ್ಲ ಮೇಸ್ತ್ರಿ. ನೀವು ಎಡಗಡೆಗೇ ನೆಟ್ಟಿದ್ದೀರಿ ತಾನೆ?" ಎಂದೆ.

"ಆರು ಎಡಕ್ಕೆ. ನಾಕು ಬಲಕ್ಕೆ."

"ಬಲಕ್ಕೆ ಯಾಕೆ?"

"ಮರ ಆ ಕಡೆ ಇತ್ತಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಟವಲ್ಲಿನಿಂದ ಮುಖ ಒರೆಸಿಕೊಂಡು, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು: "ಕಲ್ಲು ಓದೋರಿಗಿಂತ ಕೂರೋರು ಜಾಸ್ತಿ ಕಣಪ್ಪ. ಬಸ್ಸಿಗೆ ಕಾಯೋರು, ಹೊರೆ ಇಳಿಸೋರು, ಬಸುರಿ ಹೆಂಗಸ್ರು. ಬಿಸಿಲಿಗೆ ನೆಟ್ರೆ ಕುಂಡಿ ಸುಟ್ಕಳದಿಲ್ವಾ?"

ನೆರಳು ಯಾವ ಕಡೆಯೋ ಕಲ್ಲೂ ಆ ಕಡೆ. ಅವರ ಗ್ಯಾಂಗಿನಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿಯಂತೆ. ಹಿಂದಿನ ಕಲ್ಲುಗಳ ಮೇಲೆ ಬರೀ ನಂಬರು ಇರುತ್ತಿತ್ತು, ಯಾವ ಕಡೆ ನೆಟ್ಟರೂ ನಡೆಯುತ್ತಿತ್ತು. ಮಗ್ಗುಲಿಗೆ ಊರ ಹೆಸರು ಬಂದದ್ದು ಈ ಸಲವೇ. ನಿಯಮದ ಪ್ರಕಾರ ನಾಲ್ಕನ್ನೂ ಕಿತ್ತು ಎಡಕ್ಕೆ ನೆಡಿ ಎಂದು ನಾನು ಹಟ ಹಿಡಿದೆ. ನನ್ನ ಅಕ್ಷರದ ಮೇಲೆ ನಾನೇ ಬಣ್ಣ ಬಳಿಯುವುದು ನನ್ನಿಂದ ಆಗದ ಮಾತು. ಮೇಸ್ತ್ರಿ ಜಗ್ಗಲಿಲ್ಲ.

"ಕಲ್ಲು ಅಲ್ಲೇ ಇರ್ಲಿ ಪೇಂಟ್ರೇ. ಅಕ್ಷರ ಈ ಕಡೇದು ಆ ಕಡೆ ಹೋಗ್ಲಿ. ಅಕ್ಷರಕ್ಕೇನು ಕಾಂಕ್ರೀಟ್ ಹಾಕಿಲ್ವಲ್ಲ."

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ನಾಲ್ಕೂ ಕಲ್ಲಿನ ಮಗ್ಗುಲಿಗೆ ಬಿಳಿ ಹೊಡೆದೆ. ಆಗ ತಿಳಿಯಿತು ನೋಡಿ, ನೆರಳಿನ ಕಲ್ಲಿಗೆ ಬಣ್ಣ ಬೇಗ ಒಣಗುವುದಿಲ್ಲ. ಮೇಸ್ತ್ರಿ ಪ್ರತಿ ಕಲ್ಲಿನ ಹತ್ತಿರ ಕೂತು ಟವಲ್ಲಿನಿಂದ ಗಾಳಿ ಬೀಸಿದರು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಮೇಸ್ತ್ರೇ, ಕಲ್ಲಿಗೆ ಜ್ವರನಾ?" ಎಂದು ಕೇಳಿಕೊಂಡು ಹೋದರು. ಸಂಜೆಯೊಳಗೆ ಮೂರು ಮುಗಿದವು. ನಾಲ್ಕನೆಯದು ದೊಡ್ಡ ಮಾವಿನ ಮರದ ಬುಡದ್ದು. ಕೈಯಿಟ್ಟರೆ ಅಂಟುತ್ತಿತ್ತು. ನಾನು ಮೇಸ್ತ್ರಿಯ ಮನೆಯಲ್ಲೇ ಉಳಿದು, ಸೋಮವಾರ ಬೆಳಕು ಹರಿಯುತ್ತಲೇ ಅದನ್ನೂ ಬರೆದೆ. ಬರೆದು, ನಾವಿಬ್ಬರೂ ಬ್ರಷ್ ತೊಳೆಯಲು ಮೋರಿಗೆ ಇಳಿದೆವು.

ಮೇಲೆ ಬಂದು ನೋಡಿದರೆ ಕಲ್ಲಿನ ಮೇಲೆ ಒಬ್ಬ ಅಜ್ಜಿ. ಸೊರಬದ ಬಸ್ಸಿಗೆ ಕಾಯುತ್ತ, ಎರಡೂ ಮಗ್ಗುಲಿಗೆ ಸೀರೆ ಹರಡಿಕೊಂಡು ಆರಾಮಾಗಿ ಕೂತಿದ್ದಾಳೆ. ಏಳಜ್ಜಿ ಎನ್ನುವಷ್ಟರಲ್ಲಿ ಜೀಪು ಬಂದು ನಿಂತಿತು.

ಸಾಹೇಬರು ಇಳಿದರು. ಅಜ್ಜಿ ಮರ್ಯಾದೆಗೆ ಎದ್ದು ನಿಂತಳು. ಅವಳ ಸೀರೆಯ ಒಂದು ಮಗ್ಗುಲಿಗೆ ಸೊರಬ, ಇನ್ನೊಂದು ಮಗ್ಗುಲಿಗೆ ಶಿಕಾರಿಪುರ, ಎರಡೂ ತಿರುವುಮುರುವು. ಕಲ್ಲಿನ ಮೇಲೆ ಬರೀ ಕರಿ ಮಸಿ.

"ಏನ್ರೀ ಇದು?" ಎಂದರು ಸಾಹೇಬರು.

ಮೇಸ್ತ್ರಿ ಟವಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಎಲ್ಲವನ್ನೂ ಹೇಳಿದರು. ನೆರಳು, ಬಲಗಡೆ, ಸ್ಕೂಟರಿನವರು, ಏನೂ ಮುಚ್ಚಿಡಲಿಲ್ಲ. ಕಡೆಗೆ, "ಪೇಂಟ್ರದ್ದು ತಪ್ಪಿಲ್ಲ ಸಾರ್. ನೆಟ್ಟೋನು ನಾನು" ಎಂದರು. ಶನಿವಾರದಿಂದ ನಾನೂ ಅದೇ ಮಾತನ್ನು ಸಾಧಿಸುತ್ತಿದ್ದೆನಲ್ಲ. ಅವರ ಬಾಯಿಂದ ಬಂದಾಗ ಕೇಳಲಾಗಲಿಲ್ಲ. "ನಾನು ಬಂದು ನೋಡಿ ಬರೀಬೇಕಿತ್ತು ಸಾರ್, ತಪ್ಪು ನಂದೂ ಐತೆ" ಎಂದುಬಿಟ್ಟೆ. ತಪ್ಪು ನಂದು ಎಂದು ಕಸುಬಿನ ವಿಷಯದಲ್ಲಿ ನಾನು ಹೇಳಿದ್ದು ಅದೇ ಮೊದಲು.

ಅಜ್ಜಿ ತನ್ನ ಸೀರೆ ಎಳೆದು ನೋಡಿಕೊಂಡು, "ಇವ್ರಿಗೆ ಬೈಬ್ಯಾಡ್ರಪ್ಪ. ಕಲ್ಲು ನೆಳ್ಳಾಗೆ ಇರದಕ್ಕೆ ನಾನು ಕೂತೆ. ಆ ಕಡೆ ಬಿಸ್ಲಾಗೆ ನೀವೇ ಕೂತ್ಕಳ್ಳಿ ನೋಡನ" ಎಂದಳು.

ಸಾಹೇಬರು ಎದುರುಗಡೆಯ ಬಿಸಿಲನ್ನು ನೋಡಿದರು, ತಲೆಯ ಮೇಲಿನ ಮಾವಿನ ಮರ ನೋಡಿದರು. ಆಮೇಲೆ, "ಇನ್ಮೇಲೆ ನೆಡೋ ಕಲ್ಲು ಎಡಕ್ಕೇ ಇರ್ಬೇಕು. ಅಲ್ಲಿ ನೆರಳಿಲ್ಲ ಅಂದ್ರೆ ಒಂದು ಗಿಡ ನೆಡ್ರಿ" ಎಂದು ಹೇಳಿ ಜೀಪು ಹತ್ತಿದರು. ಅಜ್ಜಿಯನ್ನೂ ಸೊರಬದವರೆಗೆ ಕೂರಿಸಿಕೊಂಡು ಹೋದರು, ಸೀಟಿಗೆ ಪೇಪರ್ ಹಾಸಿ.

ವರದಿಯಲ್ಲಿ ಏನು ಬರೆದರೋ ನಮಗೆ ತಿಳಿಯಲಿಲ್ಲ. ಮೇಸ್ತ್ರಿ ಆ ಮಳೆಗಾಲದಲ್ಲಿ ಎಡಗಡೆಯ ಮಿಕ್ಕ ಆರು ಕಲ್ಲುಗಳಲ್ಲಿ ನೆರಳು ತೆಳ್ಳಗಿದ್ದ ಕಡೆ ಹೊಂಗೆ ಗಿಡ ನೆಡಿಸಿದರು. ಮುಂದಿನ ಬೇಸಿಗೆಗೆ ಖಾಯಂ ಆದೇಶ ಬಂತು. ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಓದು ಎಂದರು. ಓದಿದೆ. ಇನ್ನೊಂದ್ಸಲ ಎಂದರು. ಮೂರನೇ ಸಲಕ್ಕೆ ಪಕ್ಕದ ಟೈಲರನ್ನೂ ಕರೆದು ಕೂರಿಸಿ ಓದಿಸಿದರು. ಅವತ್ತು ಅವರು ತರಿಸಿದ ಬೆಣ್ಣೆದೋಸೆಯಲ್ಲಿ ನನ್ನ ಪಾಲಿಗೆ ಮೂರು ಬಂದವು.

ಆಮೇಲೆ ಬಹಳ ವರ್ಷ ಅದೇ ರಸ್ತೆಯಲ್ಲಿ ದುಡಿದು ರಿಟೈರ್ ಆದರು. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಂಗಳಾಗಿತ್ತು. ಮಣ್ಣಿಗೆ ಹೋಗಲಾಗಲಿಲ್ಲ.

ಈಗ ಆ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ತಿರುವುಗಳು ನೆಟ್ಟಗಾಗುತ್ತಿವೆ, ಚೆನ್ನಾಗಿಯೇ ಆಗುತ್ತಿದೆ, ಸುಳ್ಳು ಹೇಳಬಾರದು. ಕಾಮಗಾರಿಯ ಬೋರ್ಡು ಬರೆಯುವ ಕೆಲಸ ಹೋದ ವಾರ ನನಗೇ ಸಿಕ್ಕಿತು. ರಸ್ತೆಯ ಹೆಸರು, ಉದ್ದ, ಗುತ್ತಿಗೆದಾರರು, ಇಂಜಿನಿಯರು, ಕೊಟ್ಟ ಚೀಟಿಯಲ್ಲಿ ಇದ್ದದ್ದನ್ನೆಲ್ಲ ಬರೆದೆ. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿಯಿತು. ಬ್ರಷ್ಷಿನಲ್ಲಿ ಬಣ್ಣವೂ ಇತ್ತು. ಗುತ್ತಿಗೆದಾರರ ಕಡೆಯವನು ಪಕ್ಕದಲ್ಲೇ ನಿಂತು, "ಆಯ್ತಲ್ರೀ, ಮತ್ತೇನು ಬರೀಬೇಕು?" ಎಂದ.

ಏನಿಲ್ಲ ಎಂದೆ. ಅಷ್ಟು ಜನರ ಹೆಸರು ಬರೆದ ಕೈ ಇದು. ಮೇಸ್ತ್ರಿಯ ಹೆಸರನ್ನು ಮಾತ್ರ ಎಲ್ಲೂ ಬರೆದಿಲ್ಲ.