ಹನ್ನೊಂದು ಗಂಟೆ ಕೈಬಿಡದ ಪೆಟ್ಟಿಗೆ

ಬೆಳಗಿನ ಜಾವ. ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ಹೊಸ ಕಾವಲುಗಾರನೊಬ್ಬ ಕೈಚಾಚಿ, “ಪೆಟ್ಟಿಗೆ ಯಂತ್ರದೊಳಗೆ ಹಾಕಮ್ಮ” ಎನ್ನುತ್ತಾನೆ. ಎದುರಿಗಿರುವ, ಐವತ್ತು ದಾಟಿದ ಹೆಂಗಸು ಜಪ್ಪಯ್ಯ ಎಂದರೂ ಕದಲುವುದಿಲ್ಲ. “ಇದಕ್ಕೆ ಎಕ್ಸ್‌ರೇ ತಾಗಬಾರದಪ್ಪ. ನಿಮ್ಮ ಸಾಹೇಬ್ರನ್ನ ಕರಿ, ನಾನು ಕಾಯ್ತೀನಿ.” ಸಾಹೇಬರು ದೂರದಿಂದಲೇ ನೋಡಿ ನಗುತ್ತಾರೆ: “ಅಯ್ಯೋ, ಅವರು ನಮ್ಮ ಪೆಟ್ಟಿಗೆ ಅಕ್ಕ ಕಣೋ. ಕಾಗದ ನೋಡಿ, ಕೈಯಲ್ಲೇ ಪರೀಕ್ಷೆ ಮಾಡಿ ಬಿಡು.”

ಆ ನೀಲಿ ಪೆಟ್ಟಿಗೆಯೊಳಗೆ ತಣ್ಣಗೆ ಮಲಗಿರುವುದು ಒಂದು ಸಣ್ಣ ಚೀಲ, ಯಾರೋ ದಾನ ಕೊಟ್ಟ ಅಸ್ಥಿಮಜ್ಜೆ. ಒಂಬತ್ತು ಸಾವಿರ ಕಿಲೋಮೀಟರ್ ಆಚೆಯ ಊರಿನಲ್ಲಿ ರೋಗಿಯೊಬ್ಬರು ಇದಕ್ಕಾಗಿ ಕಾಯುತ್ತಿದ್ದಾರೆ. ರೋಗ ಹಿಡಿದ ಅವರ ಸ್ವಂತ ಮಜ್ಜೆಯನ್ನು ವೈದ್ಯರು ಔಷಧ ಕೊಟ್ಟು ಆಗಲೇ ನಾಶಮಾಡಿದ್ದಾರೆ. ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಅವರಿಗೆ ಬೇರೆ ದಾರಿಯೇ ಇಲ್ಲ. ಹಾರಾಟ ಹನ್ನೊಂದು ಗಂಟೆ, ಎದುರುಗಾಳಿ ಹಟ ಹಿಡಿದರೆ ಇನ್ನೂ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅಕ್ಕ ಕಣ್ಣು ಮುಚ್ಚುವಂತಿಲ್ಲ, ಪೆಟ್ಟಿಗೆಯನ್ನು ತಲೆಯ ಮೇಲಿನ ಗೂಡಿಗೆ ಸೇರಿಸುವಂತಿಲ್ಲ. ಕಾಲ ಬಳಿ ಇಟ್ಟು, ಅದರ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂರುತ್ತಾರೆ.

ಮೊದಲು ಆಸ್ಪತ್ರೆಯ ರಕ್ತ ಪರೀಕ್ಷಾಲಯದಲ್ಲಿ ಸೀಸೆ ತೊಳೆಯುತ್ತಿದ್ದವರು ಇವರು. ಕೈಯಿಂದ ಒಂದೇ ಒಂದು ಸೀಸೆ ಜಾರಿದ್ದಿಲ್ಲ ಎಂಬ ಕಾರಣಕ್ಕೆ ಮೇಲ್ವಿಚಾರಕಿ ಈ ಕೆಲಸಕ್ಕೆ ಹೆಸರು ಸೂಚಿಸಿದರಂತೆ. ಮನೆಯಲ್ಲಿ ಕೂತು ಮೊದಲ ಪ್ರಯಾಣ ನೆನೆದರೆ ಅವರಿಗೇ ನಗು. “ಪೆಟ್ಟಿಗೆ ಬಿಟ್ಟು ಏಳಬಾರದು ಅಂದಿದ್ರು. ನಾನು ಏಳಲೇ ಇಲ್ಲ! ಹನಿ ನೀರು ಕುಡೀದೆ ಬಿಗಿಹಿಡ್ಕೊಂಡು ಕೂತೆ. ಇಳಿಯೋ ಹೊತ್ತಿಗೆ ಕಾಲು ಊದಿ ಚಪ್ಪಲೀನೇ ಹಿಡೀಲಿಲ್ಲ. ಪೆಟ್ಟಿಗೇನೂ ಕರ್ಕೊಂಡು ಟಾಯ್ಲೆಟ್‌ಗೆ ಹೋಗ್ಬೋದು ಅಂತ ಆಮೇಲೆ ಹೇಳಿದ್ರು.”

ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವ ಗಂಡ ಬಾಯಿ ಹಾಕುತ್ತಾರೆ: “ನನ್ನ ಕೈಯನ್ನ ಒಂದಿನಾನೂ ಅಷ್ಟು ಗಟ್ಟಿಯಾಗಿ ಹಿಡಿದಿಲ್ಲ ನೋಡಿ ಇವಳು.”

“ನೀವೇನು ಕೆಟ್ಟು ಹೋಗೋ ವಸ್ತೂನಾ? ಸುಮ್ನಿರಿ.”

ಹೋದ ವರ್ಷ ಮಾತ್ರ ಅಕ್ಕನ ಜೀವ ಬಾಯಿಗೆ ಬಂದಿತ್ತು. ಮಂಜು ಕವಿದು, ಅವರ ವಿಮಾನ ಇನ್ನೂರು ಕಿಲೋಮೀಟರ್ ಆಚೆಯ ಬೇರೊಂದು ಊರಿನಲ್ಲಿ ಇಳಿಯಿತು. ಆ ಮಂಜಿನಲ್ಲಿ ಅಷ್ಟು ದೂರ ಬರಲು ಬಾಡಿಗೆ ಕಾರಿನವರು ಸುತರಾಂ ಒಪ್ಪಲಿಲ್ಲ. ನಿಲ್ದಾಣದ ಹೋಟೆಲಿಗೆ ಹಾಲು ಹಾಕಿ ಹೊರಟಿದ್ದ ಲಾರಿಯ ಮುಂದೆ ಅಕ್ಕ ಹೋಗಿ ನಿಂತರು. “ಅಣ್ಣಾ, ನಿನ್ನ ಹಾಲಿನ ಥರಾನೇ ಇದೂ ಕೆಡೋ ಅಂಥದ್ದು, ತಡ ಆದ್ರೆ ಒಂದು ಜೀವ ಹೋಗತ್ತೆ ಅಂದೆ. ಆತ ಎರಡು ಮಾತಾಡ್ದೆ ಬಾಗಿಲು ತೆಗೆದ.” ಆಮೆ ನಡಿಗೆಯಲ್ಲಿ ಸಾಗಿದ ಲಾರಿ ಮಧ್ಯಾಹ್ನಕ್ಕೆ ಆಸ್ಪತ್ರೆ ಮುಟ್ಟಿತು. ದಾದಿ ಪೆಟ್ಟಿಗೆ ಪಡೆದು ಒಳಗೆ ಓಡಿದಳು.

ಮಜ್ಜೆ ಯಾರಿಗೆ ಹೋಯಿತು, ಅವರು ಉಳಿದರೇ ಎಂಬುದನ್ನು ತಂದವರಿಗೆ ಹೇಳುವಂತಿಲ್ಲ, ಅದು ನಿಯಮ. ದಾರಿಯಲ್ಲಿ ಕಳೆದ ಹೊತ್ತಿನಿಂದ ಯಾರ ಪ್ರಾಣಕ್ಕೆ ಕುತ್ತು ಬಂತೋ ಎಂದು ಅಕ್ಕ ತಿಂಗಳುಗಟ್ಟಲೆ ಒಳಗೊಳಗೇ ಬೆಂದರು. ಮೊನ್ನೆ ಮತ್ತೆ ಅದೇ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ಅದೇ ದಾದಿ. ಅಕ್ಕ ಬಾಯಿ ಬಿಟ್ಟು ಕೇಳಲಿಲ್ಲ. ದಾದಿಯೇ ಪೆಟ್ಟಿಗೆಯ ಕಾಗದಕ್ಕೆ ಸಹಿ ಹಾಕುತ್ತಾ, ತಲೆ ಎತ್ತದೆ, “ಮಂಜಿನ ದಿನ ಕಾಯ್ತಿದ್ದವರು ಮನೆಗೆ ಹೋದ್ರು. ನಡ್ಕೊಂಡೇ ಹೋದ್ರು” ಎಂದಳಂತೆ.

ಇದನ್ನು ಹೇಳುವಾಗ ಅಕ್ಕನ ಕಣ್ಣು ತುಂಬುತ್ತದೆ, ಬೆನ್ನು ಮಾತ್ರ ನೆಟ್ಟಗಾಗುತ್ತದೆ. “ಅಷ್ಟೊಂದು ಊರು ಸುತ್ತಿದೀಯಲ್ಲಾ ಅಕ್ಕ, ಏನೇನು ನೋಡ್ದೆ ಅಂತ ನನ್ನ ತಂಗಿ ಕೇಳ್ತಾಳೆ. ಆಸ್ಪತ್ರೆ ಬಾಗಿಲು ಬಿಟ್ರೆ ಏನೂ ನೋಡಿಲ್ಲ ಕಣ್ರೀ. ಆದ್ರೆ ನಾನು ತಂದ ಪೆಟ್ಟಿಗೆ ಒಂದೂ ಆ ಬಾಗಿಲಿನ ಹೊರಗೆ ಉಳಿದಿಲ್ಲ.”