ಚಿಟ್ಟೆ ವಿಮಾನಕ್ಕೆ ಬೀಸಿದ ಕೈ

ಹೆಂಡತಿಯ ಮೇಲೆ ಇನ್ನೊಬ್ಬ ಗಂಡಸಿನ ಕಣ್ಣು ಬಿದ್ದರೆ ಹೊಟ್ಟೆ ಉರಿಯುವುದು ಲೋಕದಲ್ಲಿ ಇದ್ದದ್ದೇ. ಮಸ್ಕತ್ತಿನ ಅಲ್ ಹೈಲ್ ಬಡಾವಣೆಯ ಪ್ರೇಮನಾಥನಿಗೆ ಹೊಟ್ಟೆ ಉರಿದದ್ದು ಒಂದು ವಿಮಾನ ಕಂಪನಿಯ ಮೇಲೆ.

ಪ್ರೇಮನಾಥ ಕಿನ್ನಿಗೋಳಿ ಕಡೆಯವನು. ಮಸ್ಕತ್ ವಿಮಾನ ನಿಲ್ದಾಣದಲ್ಲಿ ಬಂದುಹೋಗುವ ವಿಮಾನಗಳಿಗೆ ನೆಲದ ಚಾಕರಿ ಮಾಡುವ ಸಂಸ್ಥೆಯೊಂದರ ಸೂಪರ್‌ವೈಸರ್. ವಿಮಾನ ಬಂದು ನಿಂತರೆ ಅದರ ಹೊಟ್ಟೆಯಿಂದ ಪೆಟ್ಟಿಗೆ ಇಳಿಸಬೇಕು, ಬೇರೆ ಪೆಟ್ಟಿಗೆ ತುಂಬಬೇಕು, ಕೊನೆಗೆ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಪೈಲಟ್ ಜೊತೆ ಮಾತಾಡಿ, ಟ್ರ್ಯಾಕ್ಟರಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳಿಸಬೇಕು. ಅವನು ಹೆಬ್ಬೆರಳು ಎತ್ತದೆ ವಿಮಾನ ಕದಲುವಂತಿಲ್ಲ. ಆ ಹೆಬ್ಬೆರಳಿನ ಬಗ್ಗೆ ಅವನಿಗೆ ಸಣ್ಣ ಜಂಬವೂ ಇತ್ತು.

ಹೀಗಿರುವಾಗ ಕೊರಿಯಾದಿಂದ ನಾಬಿ ಏರ್ ಎಂಬ ಅಗ್ಗದ ದರದ ಕಂಪನಿ ಬಂತು. ನಾಬಿ ಎಂದರೆ ಅವರ ಮಾತಿನಲ್ಲಿ ಚಿಟ್ಟೆ. ವಿಮಾನದ ಬಾಲದ ಮೇಲೆ ಹಳದಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಿತ್ತು. ಒಮಾನಿನ ನಿಜ್ವಾದ ಕೋಟೆ, ವಾದಿ ಎಂಬ ಕಣಿವೆಹೊಳೆಗಳ ಹಸಿರು ನೀರು ನೋಡುವ ಪ್ರವಾಸಿಗಳನ್ನು ಚಳಿಗಾಲದಲ್ಲಿ ವಾರಕ್ಕೊಮ್ಮೆ ತಂದಿಳಿಸುತ್ತಿತ್ತು. ಅವರ ಕೌಂಟರಿಗೆ ಜನ ಬೇಕಂತೆ ಎಂಬ ಸುದ್ದಿಯನ್ನು ಮನೆಗೆ ತಂದವನು ಪ್ರೇಮನಾಥನೇ. ಮಗಳು ಯಶ್ಮಿತಾ ದೊಡ್ಡ ತರಗತಿಗೆ ಬಂದಿದ್ದಳು. ಮನೆಯಲ್ಲಿ ಕೂತು ಬೇಸತ್ತಿದ್ದ ಹೆಂಡತಿ ಸುಪ್ರೀತಾ ಹೋಗಿ ಸೇರಿಯೇಬಿಟ್ಟಳು. ಆ ಸುದ್ದಿ ತಂದದ್ದಕ್ಕೆ ಅವನು ಆಮೇಲೆ ಎಷ್ಟೋ ಸಲ ನಾಲಗೆ ಕಚ್ಚಿಕೊಂಡ.

ವಾರಕ್ಕೊಂದಿದ್ದ ವಿಮಾನ ಮರುವರ್ಷ ಮೂರಾಯಿತು. ಅಗ್ಗದ ಕಂಪನಿಯಲ್ಲಿ ಒಬ್ಬರಿಗೆ ಒಂದೇ ಕೆಲಸ ಎಂಬುದಿಲ್ಲ. ಬೆಳಿಗ್ಗೆ ಕೌಂಟರಿನಲ್ಲಿ ಪೆಟ್ಟಿಗೆ ತೂಗಿದ ಸುಪ್ರೀತಾಳೇ ಆಮೇಲೆ ಗೇಟಿನಲ್ಲಿ ಜನರನ್ನು ಹತ್ತಿಸುತ್ತಿದ್ದಳು, ಓಡಿಹೋಗಿ ಇಂಧನದ ಲೆಕ್ಕಕ್ಕೂ ನಿಲ್ಲುತ್ತಿದ್ದಳು. ಮನೆಗೆ ಬಂದು ಊಟಕ್ಕೆ ಕೂತರೆ ಅದೇ ಪುರಾಣ.

"ಶುರುವಿಗೆ ಎರಡೇ ವಿಮಾನ ಇದ್ದದ್ದಂತೆ, ಗೊತ್ತುಂಟಾ? ರಾಜಧಾನಿಯಿಂದ ಒಂದು ದ್ವೀಪಕ್ಕೆ ಹೋಗುದು, ಬರುದು, ಅಷ್ಟೇ. ಎರಡೂ ಒಂದೇ ಜಾತಿಯದ್ದು. ಯಾಕೆ ಹೇಳಿ? ಸ್ಪೇರ್ ಪಾರ್ಟ್ ಒಂದೇ ಜಾತಿ ಸಾಕು, ಪೈಲಟಿಗೆ ಟ್ರೈನಿಂಗೂ ಒಂದೇ ಸಾಕು. ಕೈಯಲ್ಲಿ ನಾಲ್ಕು ಕಾಸು ಆದ ಮೇಲೆ ದೂರ ಹೋಗುವ ದೊಡ್ಡದು ತಗೊಂಡದ್ದು."

"ನೀನೂ ಒಂದೇ ಜಾತಿಯ ಗಂಡನನ್ನು ಇಟ್ಟುಕೊಂಡಿದ್ದಿ ಅಲ್ವಾ," ಎಂದ ಪ್ರೇಮನಾಥ, ಬಂಗುಡೆಯ ಮುಳ್ಳು ಬಿಡಿಸುತ್ತಾ. "ಅದರ ಪುರಾಣ ಯಾರಾದ್ರೂ ಕೇಳ್ತಾರಾ?"

"ಪಪ್ಪಾ ಈಸ್ ಜೆಲಸ್," ಎಂದಳು ಯಶ್ಮಿತಾ.

"ಸುಮ್ಮನೆ ಉಣ್ಣು ನೀನು."

ಇಷ್ಟನ್ನೆಲ್ಲ ಅವನು ನುಂಗಿಕೊಳ್ಳುತ್ತಿದ್ದನೇನೋ. ನುಂಗಲಾಗದ್ದು ಅವಳ ಕೈ.

ನಾಬಿ ಏರ್‌ನವರಿಗೊಂದು ಪದ್ಧತಿ. ವಿಮಾನ ಹೊರಡುವಾಗ ಕೆಳಗಿರುವ ಅವರ ಸಿಬ್ಬಂದಿಯೆಲ್ಲ ರೆಕ್ಕೆಯ ಆಚೆ ಸಾಲಾಗಿ ನಿಂತು, ತಲೆಬಾಗಿ, ಆಮೇಲೆ ಎರಡೂ ಕೈ ಎತ್ತಿ ಬೀಸಬೇಕು. ವಿಮಾನ ತಿರುಗಿ ಮರೆಯಾಗುವವರೆಗೂ ಬೀಸುತ್ತಿರಬೇಕು. ಕಿಟಕಿಗಳಿಂದ ಪ್ರವಾಸಿಗಳೂ ಬೀಸುತ್ತಾರೆ. ಸಾಲಿನ ತುದಿಯಲ್ಲಿ, ಹಳದಿ ಜಾಕೆಟ್ ತೊಟ್ಟು, ಹಲ್ಲು ಕಾಣುವಷ್ಟು ನಗುತ್ತಾ ಕೈ ಬೀಸುವ ಸುಪ್ರೀತಾಳನ್ನು ಮೊದಲ ಸಲ ನೋಡಿದ ದಿನ ಪ್ರೇಮನಾಥನಿಗೆ ಮಧ್ಯಾಹ್ನದ ಅನ್ನ ಇಳಿಯಲಿಲ್ಲ.

ಯಾಕೆಂದರೆ ದಿನಾ ಬೆಳಿಗ್ಗೆ ಅವನು ಮೂರು ಮಹಡಿ ಇಳಿದು, ಕಾರಿನ ಬಾಗಿಲು ತೆಗೆಯುವ ಮೊದಲು ತಲೆಯೆತ್ತಿ ನೋಡುತ್ತಿದ್ದ. ಬಾಲ್ಕನಿಯಲ್ಲಿ ಒಣಹಾಕಿದ ಟವೆಲು ಮಾತ್ರ. ಎದುರು ಕಟ್ಟಡದಲ್ಲಿ ಮೈಸೂರಿನ ಶ್ಯಾಮಸುಂದರನ ಹೆಂಡತಿ ನೀರಜಾ ಗಂಡನ ಕಾರು ತಿರುವು ದಾಟುವವರೆಗೆ ಟಾಟಾ ಮಾಡುತ್ತಿದ್ದಳು. ಇವನಿಗೆ ಮದುವೆಯಾದಂದಿನಿಂದ ಒಂದು ಬೆರಳೂ ಬೀಸಿದವರಿಲ್ಲ.

ಈ ಸಂಕಟವನ್ನು ಅವನು ಟ್ರ್ಯಾಕ್ಟರ್ ಓಡಿಸುವ ಹಾಜಬ್ಬನಲ್ಲಿ ತೋಡಿಕೊಂಡ.

"ನೀನು ಇಷ್ಟು ವರ್ಷ ಎಲ್ಲ ದೇಶದ ವಿಮಾನಗಳಿಗೂ ಹೆಬ್ಬೆರಳು ತೋರಿಸಿದ್ದೀಯಲ್ಲ ಮಾರಾಯಾ," ಎಂದ ಹಾಜಬ್ಬ. "ಹೆಂಡ್ತಿಗೆ ತೋರಿಸಿದ್ದುಂಟಾ?"

"ಅದು ಡ್ಯೂಟಿ."

"ಅವಳದ್ದು ಮತ್ತೆಂತ, ಪಿಕ್‌ನಿಕ್ಕಾ?"

ಮಾರ್ಚ್ ಬಂತು. ಕಂಪನಿಯ ಇಲ್ಲಿನ ಮೇಲಧಿಕಾರಿ ಮಿಸ್ಟರ್ ಸೋ ಸುಪ್ರೀತಾಳಿಗೆ ಒಂದು ಮಾತು ಹೇಳಿದ್ದ. ಈ ಸೀಸನ್ನಿನಲ್ಲಿ ಮಸ್ಕತ್ತಿನಿಂದ ಒಂದು ವಿಮಾನವೂ ನೆಲದ ಕೆಲಸದಿಂದ ತಡವಾಗದಿದ್ದರೆ, ಇಲ್ಲಿಗೆ ವರ್ಷವಿಡೀ ಹಾರಾಟ, ಇಲ್ಲಿನ ಉಸ್ತುವಾರಿ ಸುಪ್ರೀತಾಳಿಗೆ. ಅಗ್ಗದ ಟಿಕೆಟ್ ಮಾರುವವರಿಗೆ ನೆಲದ ಮೇಲೆ ನಿಂತ ವಿಮಾನ ಎಂದರೆ ನಷ್ಟ. ಬಂದದ್ದು ಕೂಡಲೇ ತುಂಬಿಕೊಂಡು ಏಳಬೇಕು. ಅಲ್ಲಿಯವರೆಗೆ ಒಂದೂ ತಡವಾಗಿರಲಿಲ್ಲ. ಉಳಿದದ್ದು ಕೊನೆಯ ವಿಮಾನ.

ಅದು ತಡವಾದರೆ? ಚಿಟ್ಟೆ ಬೇಸಿಗೆಗೆ ಹಾರಿಹೋಗುತ್ತದೆ, ಬಹುಶಃ ಮತ್ತೆ ಬರುವುದೇ ಇಲ್ಲ. ಆಗ ಆ ಕೈ ಖಾಲಿಯಾಗುತ್ತದೆ. ಈ ಯೋಚನೆ ಪ್ರೇಮನಾಥನ ತಲೆಯೊಳಗೆ ಹೊಕ್ಕಿತು, ಹೊರಗೆ ಹೋಗಲಿಲ್ಲ.

ಆ ಬೆಳಿಗ್ಗೆ ಬಿಸಿಲು ಚುರುಗುಡುತ್ತಿತ್ತು. ಬಾಗಿಲುಗಳು ಮುಚ್ಚಿದವು. ಹಾಜಬ್ಬ ಟ್ರ್ಯಾಕ್ಟರ್ ಮೇಲೆ ಕೂತಿದ್ದ. ರೆಕ್ಕೆಯ ಆಚೆ ಹಳದಿ ಜಾಕೆಟ್ಟಿನ ಸಾಲು. ಹೆಡ್‌ಸೆಟ್ಟಿನಲ್ಲಿ ಪೈಲಟ್, ತಾನು ರೆಡಿ ಎಂದ. ಪ್ರೇಮನಾಥ ಹೆಬ್ಬೆರಳಿನ ಬದಲು ಬಿಗಿಮುಷ್ಟಿ ಎತ್ತಿದ. ನಿಲ್ಲಿ ಎಂಬ ಸನ್ನೆ.

"ಆಸ್ವಾಲ್ಡ್, ಲಗೇಜ್ ಬಾಗಿಲು ಮತ್ತೊಮ್ಮೆ ನೋಡು," ಎಂದು ತನ್ನ ಕೈಕೆಳಗಿನವನಿಗೆ ಹೇಳಿದ.

"ಈಗ ತಾನೇ ನಾನೇ ಹಾಕಿದ್ದಲ್ವಾ?"

"ಮತ್ತೊಮ್ಮೆ ನೋಡು ಅಂದೆ."

ಆಸ್ವಾಲ್ಡ್ ಗೊಣಗುತ್ತಾ ಹೋದ. ಮಿಸ್ಟರ್ ಸೋ ಗಡಿಯಾರ ನೋಡುತ್ತಾ ಇತ್ತ ಎರಡು ಹೆಜ್ಜೆ ಇಟ್ಟದ್ದೂ, ಸುಪ್ರೀತಾ ಅಡ್ಡ ಕೈ ಚಾಚಿ ಅವನನ್ನು ತಡೆದದ್ದೂ ದೂರದಿಂದ ಕಾಣಿಸಿತು. ಏನು ಮಾತೆಂದು ಇಂಜಿನ್ನುಗಳ ಗದ್ದಲದಲ್ಲಿ ಕೇಳಲಿಲ್ಲ. ಕೇಳಿಸಿಕೊಂಡು ಬಂದವನು ಆಸ್ವಾಲ್ಡ್.

"ಆ ಕೊರಿಯಾದವ ಕುಣಿತಾ ಇದ್ದಾನೆ. ನಿನ್ನ ಹೆಂಡ್ತಿಯೇ ಹಿಡಿದು ನಿಲ್ಸಿದ್ದು. ಪ್ರೇಮನಾಥ ಮುಷ್ಟಿ ಎತ್ತಿದ್ರೆ ಏನೋ ಕಂಡಿರ್ಬೇಕು, ಲೇಟಾದ್ರೆ ಆಗ್ಲಿ, ಯಾರೂ ಅವರನ್ನು ಅರ್ಜೆಂಟ್ ಮಾಡ್ಬಾರ್ದು ಅಂತ. ಬಾಗಿಲು ಸರಿ ಉಂಟು. ಇನ್ನೆಂತ ನೋಡ್ಬೇಕು?"

ಪ್ರೇಮನಾಥನಿಗೆ ಎತ್ತಿದ ಮುಷ್ಟಿ ಕಲ್ಲಿನಷ್ಟು ಭಾರವಾಯಿತು. ಕೆಳಗಿಳಿಸಿ, ಹೆಬ್ಬೆರಳು ಎತ್ತಿದ.

"ಯಲ್ಲಾ, ಹೊರಡುವಾ!" ಎಂದ ಹಾಜಬ್ಬ.

ಇನ್ನೊಂದು ನಿಮಿಷ ಹೋಗಿದ್ದರೆ ತಡವೆಂದೇ ದಾಖಲಾಗುತ್ತಿತ್ತು. ವಿಮಾನ ಹಿಂದೆ ಸರಿಯಿತು, ತಿರುಗಿತು, ಹೋಯಿತು. ಸುಪ್ರೀತಾ ಎರಡೂ ಕೈ ಬೀಸಿದಳು. ಪ್ರೇಮನಾಥನ ಹೊಟ್ಟೆ ಆಗಲೂ ಉರಿಯಿತು, ಸುಳ್ಳೇಕೆ ಹೇಳಬೇಕು.

ಉಸ್ತುವಾರಿಯ ಕೆಲಸ ಅವಳಿಗೆ ಬಂತು. ಚಿಟ್ಟೆಯೂ ಬೇಸಿಗೆಗೆ ಉಳಿಯಿತು. ಏಪ್ರಿಲ್ಲಿನ ಒಂದು ಬೆಳಿಗ್ಗೆ ಪ್ರೇಮನಾಥ ಮುಖ ಊದಿಸಿಕೊಂಡೇ ಮೆಟ್ಟಿಲಿಳಿದ. ಕಾರಿನ ಹತ್ತಿರ ಹೋದಾಗ ಏರ್‌ಪೋರ್ಟ್ ಪಾಸ್ ಮರೆತದ್ದು ಗೊತ್ತಾಯಿತು. ಮತ್ತೆ ಮೇಲೆ ಹತ್ತಿದ. ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಬಾಗಿಲಿಗೆ ಕೈ ಕೊಟ್ಟು, ಮೆಟ್ಟಿಲ ಕಡೆ ಕಿವಿಯಿಟ್ಟು ಸುಪ್ರೀತಾ ನಿಂತಿದ್ದಳು.

"ಯಾರನ್ನು ಕಾಯ್ತಾ ಇದ್ದಿ?"

"ಯಾರನ್ನಾ? ನಿಮ್ಮ ಕಾರು ಸ್ಟಾರ್ಟ್ ಆದ ಶಬ್ದ ಬರ್ಲಿಲ್ಲ, ಅದಕ್ಕೆ. ಹೋದವರ ಬೆನ್ನಿಗೇ ಬಾಗಿಲು ಹಾಕ್ಬಾರ್ದು. ನಮ್ಮಮ್ಮ ಹಾಕ್ತಿರ್ಲಿಲ್ಲ."

"ದಿನಾ ಹೀಗೆ ನಿಲ್ತೀಯಾ?"

"ಮತ್ತೆ?"

"ಬಾಲ್ಕನಿಗೆ ಬಂದು ಒಂದು ಕೈ ಬೀಸ್ಲಿಕ್ಕೆ ಎಂತ ಧಾಡಿ ನಿಂಗೆ?"

ಸುಪ್ರೀತಾಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವರೇ, ಇದಾ ನಿಮ್ಮ ಸಿಟ್ಟು? ಕೈ ಬೀಸುದು ಹೋಗು ಅಂತ ಹೇಳ್ಲಿಕ್ಕೆ. ವಿಮಾನ ಹೋಗ್ಬೇಕು. ನೀವು ವಾಪಸ್ ಬರ್ಬೇಕಲ್ವಾ?"

ಪ್ರೇಮನಾಥ ಪಾಸ್ ತೆಗೆದುಕೊಂಡು ಇಳಿದ. ಎದುರು ನೀರಜಾ ಟಾಟಾ ಮಾಡುತ್ತಿದ್ದಳು. ಇವತ್ತು ಅವನು ತಲೆಯೆತ್ತಲಿಲ್ಲ. ಕಾರಿನಲ್ಲಿ ಕೂತ, ಕೀಲಿ ತಿರುಗಿಸಲಿಲ್ಲ. ಮೇಲೆ ಬಾಗಿಲು ತೆರೆದಿದೆ ಎಂದುಕೊಂಡ. ಇನ್ನೂ ತೆರೆದಿದೆ.

ಫೋನ್ ರಿಂಗಾಯಿತು. ಯಶ್ಮಿತಾ.

"ಪಪ್ಪಾ, ಪ್ಲೀಸ್ ಸ್ಟಾರ್ಟ್ ದ ಕಾರ್! ಅಮ್ಮ ಬಾಗ್ಲು ಹಾಕ್ತಾ ಇಲ್ಲ, ಎಸಿ ಎಲ್ಲ ಹೊರಗೆ ಹೋಗ್ತಾ ಉಂಟು. ಅವಳ ಫ್ಲೈಟಿಗೂ ಲೇಟ್ ಆಗ್ತದೆ!"

"ಆಗ್ಲಿ," ಎಂದ ಪ್ರೇಮನಾಥ, ಸೀಟಿಗೆ ಆರಾಮಾಗಿ ಒರಗಿ. "ಚಿಟ್ಟೆ ಸ್ವಲ್ಪ ಕಾಯ್ಲಿ."