ಎಕ್ಸ್‌ರೇ ಕೋಣೆಯ ಹೊರಗೆ ನಸ್ರೀನ್

ದೇವನಹಳ್ಳಿಯ ಪ್ರಾಣಿ ಕ್ಲಿನಿಕ್ಕಿನಲ್ಲಿ ಮೊದಲ ದಿನ ಸೂಜಿ ಚುಚ್ಚಿದ್ದು ನಾಯಿಗಲ್ಲ, ನನಗೆ. “ರೇಬೀಸ್ ಲಸಿಕೆ ಪೂರ್ತಿ ಆಗೋವರ್ಗೂ ಯಾವ ಪ್ರಾಣೀನೂ ಮುಟ್ಟಂಗಿಲ್ಲ ಡಾಕ್ಟ್ರೇ,” ಎಂದರು ಕ್ಲಿನಿಕ್ ನಡೆಸುವ ಹಿರಿಯ ವೈದ್ಯರು. ಇಂಡಿ ಸೀಮೆಯ ನಮ್ಮ ಹಳ್ಳಿಯಲ್ಲಿ ಹೋರಿಯ ಮೂಗುದಾರ ಹಿಡಿದೇ ಬೆಳೆದವಳು ನಾನು. ಇಲ್ಲಿ ಒಂದು ಬೆಕ್ಕಿನ ಮುಂದೆ ಇಬ್ಬರು ದಪ್ಪ ಕೈಗವಸು ತೊಟ್ಟು ನಿಂತಿದ್ದನ್ನು ಸುಮ್ಮನೆ ಕೂತು ನೋಡಿದೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಬಾಡಿಗೆ ಕೋಣೆಯಲ್ಲಿ ಬೆಳಗಾಗುವುದು ವಿಮಾನದ ಸದ್ದಿನಿಂದ. ಊರಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತಿದ್ದೆ. ಮನೆಯೊಡತಿ ಕೊಟ್ಟ ರಾಗಿಮುದ್ದೆಯನ್ನು ಅಗಿಯುತ್ತ ಕೂತರೆ, “ಅಯ್ಯೋ, ನುಂಗ್ಬೇಕು ಕಣಮ್ಮಾ!” ಎಂದು ಆಕೆ ನಕ್ಕರು. ಇಲ್ಲಿಯೂ ಕನ್ನಡವೇ. ಆದರೂ ನಾನು ಬಾಯಿ ತೆರೆದರೆ ಜನ ತಿರುಗಿ ನೋಡುತ್ತಿದ್ದರು.

ಹಾಗೆ ನೋಡದವಳು ನಸ್ರೀನ್ ಒಬ್ಬಳೇ. ಪರೀಕ್ಷೆಯ ವೇಳೆ ಪ್ರಾಣಿಗಳನ್ನು ಹಿಡಿದುಕೊಳ್ಳುವ ಸಹಾಯಕಿ ಅವಳು, ಮನೆಮಾತು ದಖನಿ ಉರ್ದು. ನಾನು ‘ಜಲ್ದಿ’, ‘ಬರೋಬ್ಬರಿ’ ಎಂದಾಗೆಲ್ಲ, “ಇದು ನಮ್ಮನೆ ಮಾತಲ್ವಾ ಮೇಡಂ!” ಎಂದು ಹಿಗ್ಗುತ್ತಿದ್ದಳು. ಮಧ್ಯಾಹ್ನ ಒಟ್ಟಿಗೇ ಉಣ್ಣುತ್ತಿದ್ದೆವು.

ಕೆಲವು ತಿಂಗಳ ನಂತರ ಸಿಬ್ಬಂದಿಯ ಸುರಕ್ಷತೆಯ ಹೊಣೆ ನನ್ನ ಹೆಗಲಿಗೆ ಬಂತು. ಬಳಸಿದ ಸೂಜಿ ಗಟ್ಟಿ ಡಬ್ಬಿಗೇ ಹೋಗಬೇಕು. ಎಕ್ಸ್‌ರೇ ತೆಗೆಯುವಾಗ ಪ್ರಾಣಿಯನ್ನು ಹಿಡಿಯುವವರು ಕಿರಣ ತಡೆಯುವ ಭಾರದ ಸೀಸದ ಏಪ್ರನ್ ತೊಡಬೇಕು. ಗರ್ಭಿಣಿಯರು ಆ ಕೋಣೆಯೊಳಗೇ ಕಾಲಿಡಬಾರದು. ನಮ್ಮ ಕಡೆಯವರಿಗೆ ಇದೆಲ್ಲ ಅತಿ ಅನ್ನಿಸೀತು. ನನ್ನ ಅಪ್ಪ ಈಯುವ ಆಕಳ ಕರುವನ್ನು ಬರಿಗೈಯಲ್ಲಿ ಎಳೆದು, ನೀರಲ್ಲಿ ಕೈ ಅದ್ದಿ, ಹಾಗೇ ಚಹಾಕ್ಕೆ ಕೂರುತ್ತಿದ್ದ. ಹಟ್ಟಿಯ ಆ ಬೆಚ್ಚನೆ ವಾಸನೆ ಈಗಲೂ ಬೇಕೆನಿಸುತ್ತದೆ. ಅಪ್ಪನಿಗೆ ಮತ್ತೆ ಮತ್ತೆ ಮರುಕಳಿಸುತ್ತಿದ್ದ ಜ್ವರವೂ ನೆನಪಾಗುತ್ತದೆ. ಅದು ದನಗಳಿಂದಲೇ ಬಂದಿರಬೇಕು ಎಂದು ಹೊಳೆಯುವ ಹೊತ್ತಿಗೆ ಅಪ್ಪ ಇರಲಿಲ್ಲ.

ಒಂದು ಮಧ್ಯಾಹ್ನ ಕಾಲು ಮುರಿದ ನಾಯಿಯೊಂದು ಬಂತು. ಏಪ್ರನ್ ಎತ್ತಲು ಹೋದ ನಸ್ರೀನ್ ತಲೆಸುತ್ತಿ ಗೋಡೆ ಹಿಡಿದಳು. ಈಚೆಗೆ ಅವಳು ಊಟ ಬಿಟ್ಟು ಹತ್ತಿರದ ನಲ್ಲೂರು ತೋಪಿನ ಹುಣಸೆ ಚೀಪುತ್ತಿದ್ದಳು. ನಮ್ಮ ಓಣಿಯ ಹೆಂಗಸರಾಗಿದ್ದರೆ ಮುಖ ನೋಡಿಯೇ ಎಂದೋ ಹೇಳಿಬಿಡುತ್ತಿದ್ದರು. ಅವಳನ್ನು ಪಕ್ಕಕ್ಕೆ ಕರೆದೆ.

“ನಸ್ರೀನ್, ಎಷ್ಟ ತಿಂಗಳಾತು?”

ಅವಳ ಮುಖ ಬಿಳಿಚಿತು. “ಯಾರ್ಗೂ ಹೇಳ್ಬೇಡಿ ಮೇಡಂ. ಕೆಲ್ಸದಿಂದ ತೆಗೆದ್ಬಿಡ್ತಾರೆ. ಹಿಂದೆ ಇದ್ದ ಕಡೆ ಹಂಗೇ ಮಾಡಿದ್ರು.”

“ಹೇಳದಿದ್ರ ಕೂಸಿಗೆ ತ್ರಾಸ ಆಗ್ತೈತಿ.”

“ನಿಮಗೇನು, ಡಾಕ್ಟ್ರು ನೀವು. ನಿಮ್ಮನ್ನ ಯಾರು ತೆಗೀತಾರೆ?”

ಏಪ್ರನ್ ನಾನೇ ತೊಟ್ಟು ನಾಯಿಯನ್ನು ಹಿಡಿದೆ. ಮುಂದೆ ಕೆಲವು ದಿನ ಅವಳನ್ನು ಆ ಕೋಣೆಯ ಹತ್ತಿರ ಬಿಡಲಿಲ್ಲ. ಅವಳೂ ನನ್ನ ಜೊತೆ ಮಾತಾಡಲಿಲ್ಲ. ಒಬ್ಬಳೇ ಉಣ್ಣುವುದು ಊರು ಬಿಟ್ಟ ಮೊದಲ ವಾರಕ್ಕಿಂತ ಕಷ್ಟವಾಯಿತು. ಕೊನೆಗೆ ಒಂದು ಬೆಳಿಗ್ಗೆ ಅವಳೇ ಬಂದು, “ಸಾರ್ ಹತ್ರ ಹೇಳ್ತೀನಿ. ಜೊತೇಲಿ ಬರ್ತೀರಾ?” ಎಂದಳು.

ಹಿರಿಯ ವೈದ್ಯರು ಪೂರ್ತಿ ಕೇಳಿಸಿಕೊಂಡರು. ಅವಳನ್ನು ಬಾಗಿಲ ಬಳಿ ಚೀಟಿ ಬರೆಯುವ ಮೇಜಿಗೆ ಹಾಕಿ, ಹೆರಿಗೆಯ ರಜೆಯನ್ನೂ ಕೊಡಬೇಕೆಂದು ನಾನು ಪಟ್ಟು ಹಿಡಿದೆ. ಅವರು ನಸ್ರೀನಳತ್ತ ತಿರುಗಿ, “ಮೊದ್ಲೇ ಹೇಳ್ಬಾರ್ದಾ ತಾಯಿ? ಇವತ್ತಿಂದ ಮುಂದೆ ಕೂತ್ಕೋ. ನಿನ್ ಕೆಲ್ಸ ಎಲ್ಲೂ ಹೋಗಲ್ಲ,” ಎಂದರು. ಹೊರಗೆ ಬಂದು ನಸ್ರೀನ್ ನನ್ನ ಕೈ ಹಿಡಿದು ಅತ್ತಳು. ಅವಳಿಗೆ ಹುಟ್ಟಿದ್ದು ಹೆಣ್ಣು ಕೂಸು. ಈಗ ಅದು ಅಜ್ಜಿಯ ಹತ್ತಿರವಿದೆ, ನಸ್ರೀನ್ ಕೆಲಸಕ್ಕೆ ಮರಳಿದ್ದಾಳೆ.

ಕಳೆದ ಸಲ ರಜೆಗೆ ಹೋದಾಗ ಅವ್ವ ನನ್ನ ತಲೆ ಬಾಚುತ್ತ, “ಯಾವಾಗ ಹೊಂಟಿ?” ಎಂದು ಕೇಳಿದಳು.

“ನಾಳೆ ಊರಿಗೆ ಹೋಗ್ತೀನವ್ವಾ.”

ಅವ್ವನ ಕೈ ನಿಂತಿತು. “ಹಂಗಾರ ಇದ್ಯಾವ ಊರು ಮಗಳ?”

ಎರಡೂ ನನ್ನವೇ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವ್ವ ಜಡೆ ಹೆಣೆಯತೊಡಗಿದಳು, ಎಂದಿಗಿಂತ ಬಿಗಿಯಾಗಿ.